ಬೇ ಟು ಬ್ರೇಕರ್ಸ್: ವೇಷ ತೊಟ್ಟವರ ನಡುವೆ ಒಂದು ಓಟ

ನಮಸ್ಕಾರ. ಮೇ ತಿಂಗಳ ಮೂರನೆಯ ಭಾನುವಾರದ ಬೆಳಗು, ಗಂಟೆ ಇನ್ನೂ ಎಂಟಾಗಿಲ್ಲ. ನೀವು ನೋಡುತ್ತಿರುವುದು ಸ್ಯಾನ್ ಫ್ರಾನ್ಸಿಸ್ಕೋದ ಕೊಲ್ಲಿಯ ದಡಕ್ಕೆ ಹತ್ತಿರವಿರುವ ಒಂದು ರಸ್ತೆ. ಜನರ ತಲೆಯ ಮೇಲೆ ಗಿರಕಿ ಹೊಡೆಯುತ್ತ ಹಾರುತ್ತಿರುವುದು ಮೆಕ್ಸಿಕೋದ ತೆಳುರೊಟ್ಟಿ, ಟಾರ್ಟಿಯಾ. ಓಟ ಶುರುವಾಗುವ ತನಕ ಕಾದು ನಿಂತವರು ಹೊತ್ತು ಕಳೆಯಲು ಇವನ್ನು ಒಬ್ಬರ ಮೇಲೊಬ್ಬರು ಎಸೆಯುವುದು ಇಲ್ಲಿನ ವಾಡಿಕೆ. ತಿನ್ನುವ ಪದಾರ್ಥ ಕಾಲಡಿಗೆ ಬೀಳುವುದು ನನಗೆ ಇವತ್ತಿಗೂ ಸರಿಕಾಣುವುದಿಲ್ಲ. ಆದರೂ ಭುಜಕ್ಕೆ ತಾಗಿದ ಒಂದನ್ನು ಹಿಡಿದು ನಾನೂ ಮುಂದಕ್ಕೆ ಎಸೆದೆ.

ಈ ಓಟದ ಹೆಸರು ಬೇ ಟು ಬ್ರೇಕರ್ಸ್. ನಗರದ ಪೂರ್ವ ದಿಕ್ಕಿನ ಕೊಲ್ಲಿಯ ಬದಿಯಿಂದ ಹೊರಟು, ಊರನ್ನು ಅಡ್ಡಹಾಯ್ದು, ಪಶ್ಚಿಮದಲ್ಲಿ ಪೆಸಿಫಿಕ್ ಸಾಗರದ ದಡ ಮುಟ್ಟುವ ದಾರಿ 12 ಕಿಲೋಮೀಟರ್ ಇದೆ. 1906ರ ಏಪ್ರಿಲ್ ತಿಂಗಳ ಭೂಕಂಪ ಮತ್ತು ಅದರ ಬೆನ್ನಿಗೇ ಹಬ್ಬಿದ ಬೆಂಕಿಯಿಂದ ನೆಲಕಚ್ಚಿದ್ದ ನಗರ ಮತ್ತೆ ತಲೆಯೆತ್ತುತ್ತಿದ್ದ ಕಾಲದಲ್ಲಿ, ಜನರಲ್ಲಿ ಹುರುಪು ತುಂಬಲೆಂದು 1912ರ ಜನವರಿ 1ರಂದು ಇದನ್ನು ಮೊದಲ ಬಾರಿಗೆ ನಡೆಸಿದರು. ಅಂದು ಓಡಿದವರು ಇನ್ನೂರು ಮಂದಿಯೂ ಇರಲಿಲ್ಲ. 1986ರಲ್ಲಿ ಸುಮಾರು 1,10,000 ಜನ ಸೇರಿ ಗಿನ್ನೆಸ್ ದಾಖಲೆಯಾಯಿತು. ಈ ಇತಿಹಾಸದಲ್ಲಿ ನನಗೆ ಬಹಳ ಹಿಡಿಸಿದ್ದು ಬಾಬಿ ಬರ್ಕ್ ಎಂಬ ಮಹಿಳೆಯ ಕಥೆ. ಇದು ಗಂಡಸರ ಓಟವೆಂದೇ ನಡೆಯುತ್ತಿದ್ದ 1940ರಲ್ಲಿ ಆಕೆ ಗಂಡಸಿನ ಉಡುಪು ಧರಿಸಿ ಓಡಿದ್ದರು. ಈಗ ಇಲ್ಲಿ ವೇಷ ತೊಡುವವರೆಲ್ಲ ಮೋಜಿಗಾಗಿ ತೊಡುತ್ತಾರೆ. ಆಕೆಗೆ ಓಡಲು ಅದೊಂದೇ ಉಪಾಯವಾಗಿತ್ತು.

ಪರದೇಶದಲ್ಲಿ ನೆಲೆಸಿದವರಿಗೆ "ನೀವು ಎಲ್ಲಿಯವರು?" ಎಂಬ ಪ್ರಶ್ನೆ ಹೊಸದಲ್ಲ. ಕೇಳುವವರಲ್ಲಿ ಬಹುಪಾಲು ಜನ ಸ್ನೇಹದಿಂದಲೇ ಕೇಳುತ್ತಾರೆ, ನಾನೂ ಸ್ನೇಹದಿಂದಲೇ ಉತ್ತರಿಸುತ್ತೇನೆ. ಆದರೆ ಪ್ರತಿ ಉತ್ತರದೊಂದಿಗೆ ನಾನು ಈ ಊರಿಗೆ ಬಂದವನೇ ಹೊರತು ಈ ಊರಿನವನಲ್ಲ ಎಂಬುದು ಇನ್ನೊಮ್ಮೆ ದಾಖಲಾಗುತ್ತದೆ. ಎಡಗಡೆ ಒಬ್ಬರು ಕೆಂಪು ಸೀಗಡಿಯಾಗಿ, ಬಲಗಡೆ ಒಬ್ಬರು ಬಾಳೆಹಣ್ಣಾಗಿ, ಮುಂದೆ ಮೂವರು ಮದುವಣಗಿತ್ತಿಯರಾಗಿ ನಿಂತಿರುವಾಗ, ಸಾದಾ ಅಂಗಿ ಮತ್ತು ಚಡ್ಡಿಯಲ್ಲಿರುವ ನನ್ನ ಊರು ಯಾವುದೆಂದು ವಿಚಾರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ವಿಚಾರಿಸುವುದಾದರೆ ಮೊದಲು ಆ ಸೀಗಡಿಯನ್ನು ವಿಚಾರಿಸಬೇಕು.

ಮೊದಲ ಸಲ ಬರುವವರಿಗೆ ಒಂದು ಮಾತು. ಎದೆಗೆ ಪಿನ್ನು ಹಾಕಿಕೊಳ್ಳುವ ಸಂಖ್ಯಾಪಟ್ಟಿಯ ಹಿಂಬದಿಯಲ್ಲಿ ಒಂದು ಚಿಪ್ ಇರುತ್ತದೆ. ಅದು ಆರಂಭದ ಗೆರೆಯನ್ನು ದಾಟಿದಾಗಷ್ಟೇ ನಿಮ್ಮ ಸಮಯದ ಎಣಿಕೆ ಶುರುವಾಗುವುದರಿಂದ, ಹಿಂದಿನ ಗುಂಪಿನಲ್ಲಿ ನಿಂತೆವೆಂದು ಕಂಗೆಡಬೇಕಾಗಿಲ್ಲ. ಮುಂಚೂಣಿಯಲ್ಲಿ ಓಡುವವರ ಲೋಕವೇ ಬೇರೆ: 2009ರಲ್ಲಿ ಕೆನ್ಯಾದ ಸ್ಯಾಮಿ ಕಿಟ್ವಾರಾ ಈ ದಾರಿಯನ್ನು 33 ನಿಮಿಷ 31 ಸೆಕೆಂಡುಗಳಲ್ಲಿ ಮುಗಿಸಿದ್ದಾರೆ.

ಈಗ ಹೇಯ್ಸ್ ರಸ್ತೆಯ ಏರು. ಓಟದ ಮೂರನೆಯ ಒಂದು ಭಾಗ ಮುಗಿದು ಮೈ ಬಿಸಿಯಾಗಿರುವ ಹೊತ್ತಿಗೆ ಸರಿಯಾಗಿ ಎದುರಾಗುವ ಇದರ ಕಡಿದಾದ ಭಾಗದಲ್ಲಿ ಇಳಿಜಾರು ಸುಮಾರು ಶೇಕಡಾ 11ರಷ್ಟಿದೆ. ನೋಡಲು ರಸ್ತೆ, ಹತ್ತಲು ಗುಡ್ಡ. ಈ ದೃಶ್ಯದಲ್ಲಿ ಹಾಡು, ಕೂಗು, ನಗು ಎಲ್ಲವೂ ಒಮ್ಮೆಲೇ ತಗ್ಗಿ ಬರಿಯ ಉಸಿರಾಟ ಮತ್ತು ಬೂಟುಗಳ ಸದ್ದು ಉಳಿದಿರುವುದನ್ನು ಗಮನಿಸಿ. ಮೊಣಕಾಲಿನ ಮೇಲೆ ಕೈಯೂರಿ ಹತ್ತುತ್ತಿದ್ದ ಬಾಳೆಹಣ್ಣಿನ ವೇಷದವರು, ಹಳದಿ ಬಟ್ಟೆಯ ಸಣ್ಣ ಕಿಂಡಿಯಿಂದ ಬೆವರಿದ ಮುಖವನ್ನು ನನ್ನ ಕಡೆ ತಿರುಗಿಸಿ, ಈ ಏರು ಇನ್ನೆಷ್ಟು ದೂರವಿದೆ ಎಂದು ಕೇಳಿದರು. ಸಂಜೆಯ ನಡಿಗೆಯಲ್ಲಿ ಹತ್ತಿಳಿದ ರಸ್ತೆಯಾದ್ದರಿಂದ ನನಗೆ ಉತ್ತರ ಗೊತ್ತಿತ್ತು: ಬಲಗಡೆ ಆಲಮೋ ಸ್ಕ್ವೇರ್ ಉದ್ಯಾನದ ಹುಲ್ಲು ಕಂಡರೆ ಕಷ್ಟದ ಭಾಗ ಕಳೆಯಿತೆಂದೇ ತಿಳಿಯಿರಿ ಎಂದೆ. ಅವರು ಹೆಬ್ಬೆರಳೆತ್ತಿ ತೋರಿಸಿ ಮತ್ತೆ ತಲೆ ತಗ್ಗಿಸಿದರು. ಈ ಊರಿನಲ್ಲಿ ದಾರಿ ಕೇಳಿಸಿಕೊಳ್ಳುವವನಾಗಿ ನಿಂತದ್ದು, ಬೇರೆಯವರಿಗೆ ಸಣ್ಣ ವಿಷಯವೆನಿಸಿದರೂ, ನನಗೆ ಆ ದಿನದ ದೊಡ್ಡ ವಿಷಯ.

ಏರಿನಾಚೆ ದಾರಿ ಹಗುರ. 13 ಮಂದಿ ತಮ್ಮನ್ನು ಒಂದಕ್ಕೊಂದು ಜೋಡಿಸಿಕೊಂಡು ಶತಪದಿಯಾಗಿ ಓಡುವ ತಂಡವೊಂದು ನಮ್ಮನ್ನು ದಾಟಿಹೋಯಿತು. ಇವರಿಗೆ ಪ್ರತ್ಯೇಕ ಸ್ಪರ್ಧೆಯೇ ಇದೆ, ಇವರ ವೇಗ ತಮಾಷೆಯದಲ್ಲ. ಅಷ್ಟರಲ್ಲಿ ಎದುರಿನಿಂದ ಮೀನಿನ ವೇಷದವರು ಬಂದರು. ಸಾಲ್ಮನ್ ಮೀನು ಹೊಳೆಯ ಸೆಳೆತಕ್ಕೆ ಎದುರಾಗಿ ಈಜುವ ಹಾಗೆ, ಇವರು ಸಾಗರದ ಕಡೆಯಿಂದ ಹೊರಟು ಇಡೀ ಜನಪ್ರವಾಹಕ್ಕೆ ವಿರುದ್ಧವಾಗಿ ಸಾಗುತ್ತಾರೆ. ಅವರಿಗೆ ದಾರಿ ಬಿಡುವುದಕ್ಕೆ ಯಾರೂ ಗೊಣಗುವುದಿಲ್ಲ.

ಗೋಲ್ಡನ್ ಗೇಟ್ ಉದ್ಯಾನದೊಳಗೆ ದಾರಿ ಬಹುಮಟ್ಟಿಗೆ ಇಳಿಮುಖ. 1890ರ ದಶಕದಿಂದ ಈ ಉದ್ಯಾನದಲ್ಲಿ ಕಾಡೆಮ್ಮೆಯನ್ನು ಹೋಲುವ ಬೈಸನ್‌ಗಳನ್ನು ಸಾಕುತ್ತಿದ್ದಾರೆ; ಅವು ನಮ್ಮತ್ತ ಕತ್ತೆತ್ತಿಯೂ ನೋಡಲಿಲ್ಲ. ಮುಗಿತಾಯದ ಗೆರೆ ಸಾಗರದ ಪಕ್ಕದ ಹೆದ್ದಾರಿಯ ಮೇಲಿದೆ. ಗಾಳಿ ತಣ್ಣಗಿರುವುದರಿಂದ ಬೆವರು ಆರುವ ಮೊದಲೇ ಬೆಚ್ಚನೆಯ ಅಂಗಿಯೊಂದು ಕೈಗೆ ಸಿಗುವಂತಿರಲಿ.

ಸಂಜೆ ಫಲಿತಾಂಶದ ಪಟ್ಟಿ ನೋಡಿದೆ. ನನ್ನ ಸಮಯವನ್ನು ಇಲ್ಲಿ ಹೇಳುವ ಉದ್ದೇಶವಿಲ್ಲ. ಮುಂದಿನ ಸಲ ಶತಪದಿಯ ತಂಡವೊಂದರಲ್ಲಿ ಕೊನೆಯ ಕಾಲಾಗಿಯಾದರೂ ಸೇರಬೇಕೆಂಬ ಆಸೆಯಿದೆ, ಸೇರಿಸಿಕೊಳ್ಳುವವರಿದ್ದರೆ ತಿಳಿಸಿ.