ಅರವತ್ತು ಡಿಗ್ರಿಯ ನೀರಿನಲ್ಲಿ ಬೇಯುವ ಮಾಂಸ

ಕೇಳುಗರಿಗೆ ನಮಸ್ಕಾರ.

ಮಾಂಸದ ಅಡುಗೆಯಲ್ಲಿ ನಾವು ಉರಿಯನ್ನು ದೊಡ್ಡದು, ಸಣ್ಣದು ಎಂದು ಅಳೆಯುತ್ತೇವೆ, ಇಲ್ಲವೇ ಕುಕ್ಕರಿನ ಕೂಗು ಎಣಿಸುತ್ತೇವೆ. ತುಂಡಿನ ನಡುವಿಗೆ ಎಷ್ಟು ಬಿಸಿ ತಲುಪಿತು ಎಂದು ವಿಚಾರಿಸುವ ರೂಢಿ ನಮ್ಮಲ್ಲಿಲ್ಲ. ಈಗ ನಗರದ ಕೆಲವು ಮನೆಗಳಿಗೆ ಕಾಲಿಟ್ಟಿರುವ ಸೂ ವೀಡ್ ವಿಧಾನ ಆ ವಿಚಾರಣೆಯಿಂದಲೇ ಶುರುವಾಗುತ್ತದೆ. ಮಾಂಸವನ್ನು ಗಾಳಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಬಿಸಿ ಏರದೆ ಇಳಿಯದೆ ಒಂದೇ ಮಟ್ಟದಲ್ಲಿರುವ ನೀರಿನಲ್ಲಿ ಗಂಟೆಗಟ್ಟಲೆ ಮುಳುಗಿಸಿಡುವುದು ಇದರ ಕ್ರಮ. ಫ್ರಾನ್ಸಿನ ರೋವಾನ್ ಪಟ್ಟಣದ ತ್ರುವಾಗ್ರೋ ಹೋಟೆಲಿಗಾಗಿ ಜಾರ್ಜ್ ಪ್ರಾಲ್ಯು ಎಂಬ ಬಾಣಸಿಗರು 1974ರಲ್ಲಿ, ಕೊಬ್ಬು ತುಂಬಿದ ಲಿವರ್ ಬೇಯುವಾಗ ಕರಗಿ ತೂಕ ಕಳೆದುಕೊಳ್ಳುವುದನ್ನು ತಡೆಯಲು ಈ ಹಾದಿ ಹಿಡಿದರು. ಮನೆಬಳಕೆಯ ಯಂತ್ರ ಬಂದದ್ದು ಬಹಳ ತಡವಾಗಿ. ಪಾತ್ರೆಯ ಅಂಚಿಗೆ ಸಿಕ್ಕಿಸುವ ಮೊಳದುದ್ದದ ಆ ಕೊಳವೆಯೊಳಗೆ ನೀರು ಕಾಯಿಸುವ ಹೀಟರ್, ನೀರನ್ನು ತಿರುಗಿಸುವ ಪುಟ್ಟ ಮೋಟಾರು, ಬಿಸಿಯನ್ನು ಅಳೆಯುವ ಉಷ್ಣಮಾಪಕ, ಈ ಮೂರೇ ಇರುತ್ತವೆ.

ಮಾಂಸದ ಎಳೆಗಳಲ್ಲಿರುವ ಮಯೋಸಿನ್ ಎಂಬ ಪ್ರೋಟೀನು ಸುಮಾರು 50 ಡಿಗ್ರಿ ಸೆಲ್ಸಿಯಸ್‌ನಿಂದಾಚೆ ಹೆಪ್ಪುಗಟ್ಟಿ ಹಸಿ ಮಾಂಸಕ್ಕೆ ಬೆಂದ ಹದ ಕೊಡುತ್ತದೆ. ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನು 65 ಡಿಗ್ರಿ ದಾಟಿದ ಮೇಲೆ ಕುಗ್ಗಿ, ಒಳಗಿನ ರಸವನ್ನೆಲ್ಲ ಹಿಂಡಿ ಹೊರಹಾಕುತ್ತದೆ. ಕೋಳಿಯ ಎದೆಯ ಭಾಗ ಸಾರಿನಲ್ಲಿ ಹೊಟ್ಟಿನಂತಾಗುವುದು ಇದರಿಂದಲೇ. ಎರಡೂವರೆ ಸೆಂಟಿಮೀಟರ್ ದಪ್ಪದ ಎದೆಯ ತುಂಡನ್ನು ಉಪ್ಪು, ಮೆಣಸಿನಪುಡಿಯೊಂದಿಗೆ 63 ಡಿಗ್ರಿ ನೀರಿನಲ್ಲಿ ಒಂದೂವರೆ ಗಂಟೆ ಇಟ್ಟರೆ, ಕೊಯ್ದಾಗ ಅಂಚಿನಿಂದ ನಡುವಿನವರೆಗೆ ಒಂದೇ ಬಿಳುಪು, ಒಂದೇ ತೇವ ಕಾಣುತ್ತದೆ. ದಪ್ಪ ಎರಡರಷ್ಟಾದರೆ ನಡುವಿಗೆ ಬಿಸಿ ತಲುಪಲು ಮೂರು ನಾಲ್ಕರಷ್ಟು ಹೊತ್ತು ಬೇಕಾಗುವುದರಿಂದ, ತೂಕಕ್ಕಿಂತ ದಪ್ಪವನ್ನು ನೋಡಿ ಸಮಯ ನಿರ್ಧರಿಸಬೇಕು.

ನಮ್ಮ ಅಡುಗೆಮನೆಗೆ ಒಂದು ವಿಶೇಷ ಎಚ್ಚರಿಕೆ ಬೇಕು. ಮಾಂಸವೆಂದರೆ ಮೊದಲು ಶುಂಠಿ ಬೆಳ್ಳುಳ್ಳಿ ಅರೆದು ಸವರುವುದು ನಮಗೆ ಕೈಗೆ ಹತ್ತಿದ ಅಭ್ಯಾಸ. ಹಸಿ ಶುಂಠಿಯಲ್ಲಿ ಪ್ರೋಟೀನನ್ನು ಕತ್ತರಿಸುವ ಒಂದು ಕಿಣ್ವವಿದೆ. ಅದು ಅತ್ಯಂತ ಚುರುಕಾಗುವುದು 60 ಡಿಗ್ರಿಯ ಆಸುಪಾಸಿನಲ್ಲಿ. ಕುದಿಯುವ ಸಾರಿನಲ್ಲಾದರೆ ಬಿಸಿ ಆ ಮಟ್ಟವನ್ನು ಬೇಗನೆ ದಾಟಿ ಕಿಣ್ವವನ್ನು ನಾಶಮಾಡುತ್ತದೆ. ಈ ನೀರಿನಲ್ಲಿ ಅದು ಗಂಟೆಗಟ್ಟಲೆ ಕೆಲಸಮಾಡಿ ಮಾಂಸದ ಮೇಲ್ಪದರವನ್ನು ಬೆರಳಿಗೆ ಮೆತ್ತುವ ಮುದ್ದೆಯಾಗಿಸುತ್ತದೆ. ಪಪ್ಪಾಯಿ ಕಾಯಿಯ ಮಾತೂ ಇದೇ. ಇನ್ನು ಬೆಳ್ಳುಳ್ಳಿ, ಈರುಳ್ಳಿ ಅಷ್ಟು ಬಿಸಿಯಲ್ಲಿ ಬೇಯುವುದೇ ಇಲ್ಲ, ಅವುಗಳ ಹಸಿ ಘಾಟು ಚೀಲದೊಳಗೇ ಉಳಿಯುತ್ತದೆ. ಆದ್ದರಿಂದ ಮಸಾಲೆಯನ್ನು ಬೇರೆ ಬಾಣಲೆಯಲ್ಲಿ ಹುರಿದು, ಬೆಂದ ಮಾಂಸವನ್ನು ಕೊನೆಗೆ ಅದರಲ್ಲಿ ಹೊರಳಿಸುವುದು ಸರಿ.

ಮೇಕೆಯ ತೊಡೆಯ ವಿಷಯ ಬೇರೆ. ಅದರ ಗಡಸುತನ ಕೊಲಾಜೆನ್ ಎಂಬ ನಾರಿನದು. ಸುಮಾರು 120 ಡಿಗ್ರಿ ಮುಟ್ಟುವ ಕುಕ್ಕರಿನಲ್ಲಿ ಅದು ಅರ್ಧ ಗಂಟೆಯೊಳಗೆ ಕರಗಿದರೆ, 65 ಡಿಗ್ರಿಯಲ್ಲಿ ಒಂದು ಹಗಲು, ಒಂದು ರಾತ್ರಿ ಹಿಡಿಯುತ್ತದೆ. ಅಷ್ಟು ಕಾದರೆ ಎಳೆ ಬಿಡಿಬಿಡಿಯಾಗದೆ, ಚಾಕುವಿಗೆ ಹೋಳಾಗಿ ಸಿಗುವ ಮೆದು ಮಾಂಸ ದೊರೆಯುತ್ತದೆ. ಮೂಳೆಯ ರಸ ಇಳಿಯಬೇಕಾದ ಸಾರಿಗೆ, ನಾಟಿಕೋಳಿಗೆ, ಬಿರಿಯಾನಿಗೆ ಈ ಯಂತ್ರವನ್ನು ಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ. ಅಲ್ಲಿ ಕುಕ್ಕರೇ ಮೇಲು. ಬೆಳಿಗ್ಗೆ ಕೊಯ್ದ ಮಾಂಸವನ್ನು ಅದೇ ದಿನ ಚೀಲಕ್ಕೆ ಹಾಕದೆ, ಒಂದು ದಿನ ಫ್ರಿಜ್‌ನಲ್ಲಿಟ್ಟು ಅದರ ಬಿಗಿತ ಸಡಿಲವಾದ ಮೇಲೆ ಬೇಯಿಸುವುದು ಒಳ್ಳೆಯದು.

ಇಷ್ಟು ಕಡಿಮೆ ಬಿಸಿಯಲ್ಲಿ ರೋಗಾಣುಗಳು ಸಾಯುತ್ತವೆಯೇ ಎಂಬ ಸಂದೇಹ ನ್ಯಾಯವಾದದ್ದು. ಕೋಳಿಯ ಸಾಲ್ಮೊನೆಲ್ಲಾ 74 ಡಿಗ್ರಿಯಲ್ಲಿ ಕ್ಷಣಮಾತ್ರದಲ್ಲಿ ಸಾಯುತ್ತದೆ; ತುಂಡಿನ ನಡುಭಾಗವೇ 60 ಡಿಗ್ರಿಯಲ್ಲಿ ಸುಮಾರು 35 ನಿಮಿಷ ನಿಂತರೂ ಅದೇ ಫಲ ಸಿಗುತ್ತದೆ. ನೀರು ಮಾತ್ರ 54 ಡಿಗ್ರಿಗಿಂತ ಕೆಳಗಿಳಿದು ಗಂಟೆಗಳು ಕಳೆಯಬಾರದು. ಕರೆಂಟು ಹೋಗಿಬರುವ ಊರಿನಲ್ಲಿ ರಾತ್ರಿಯಿಡೀ ಬೇಯಿಸುವುದು ಇದರಿಂದಾಗಿ ಅಪಾಯದ ಕೆಲಸ: ಕೆಲವು ಯಂತ್ರಗಳು ಕರೆಂಟು ಮರಳಿದ ಮೇಲೆ ತಾವಾಗಿ ಶುರುವಾಗುವುದಿಲ್ಲ, ಶುರುವಾದರೂ ನಡುವೆ ನೀರು ಎಷ್ಟು ಹೊತ್ತು ಆರಿತ್ತೆಂದು ಬೆಳಿಗ್ಗೆ ಹೇಳುವವರಿಲ್ಲ. ಅನುಮಾನ ಬಂದ ಮಾಂಸವನ್ನು ಎಸೆಯಬೇಕು. ಗಾಳಿಯಿಲ್ಲದ ಚೀಲದಲ್ಲಿ ಬಾಟುಲಿಸಂ ಎಂಬ ಮಾರಕ ವಿಷಬಾಧೆ ತರುವ ರೋಗಾಣುವಿನ ಬೀಜಕಗಳು ಈ ಬಿಸಿಯನ್ನು ತಡೆದುಕೊಂಡು ಉಳಿಯುವುದರಿಂದ, ತಕ್ಷಣ ತಿನ್ನದ ಮಾಂಸವನ್ನು ಚೀಲಸಮೇತ ಮಂಜುಗಡ್ಡೆಯ ನೀರಿನಲ್ಲಿ ತಣಿಸಿ ಫ್ರಿಜ್‌ಗೆ ಸೇರಿಸಬೇಕು, ಅಡುಗೆಕಟ್ಟೆಯ ಮೇಲೆ ಬಿಡಬಾರದು.

ಚೀಲದಿಂದ ತೆಗೆದ ಮಾಂಸ ನೋಡಲು ಪೇಲವ. ಹುರಿದ ಬಣ್ಣ, ಪರಿಮಳ ಹುಟ್ಟಲು ಸುಮಾರು 140 ಡಿಗ್ರಿಗಿಂತ ಹೆಚ್ಚಿನ ಬಿಸಿ ಬೇಕು. ಮೇಲ್ಮೈ ಒದ್ದೆಯಿದ್ದಷ್ಟು ಹೊತ್ತು ಅದು ನೂರನ್ನು ದಾಟಲಾರದು. ಒಣ ಬಟ್ಟೆಯಿಂದ ತೇವವನ್ನು ಪೂರ್ತಿ ಒತ್ತಿ ತೆಗೆದು, ಹೊಗೆಯಾಡುವಷ್ಟು ಕಾದ ಕಬ್ಬಿಣದ ಕಾವಲಿಯ ಮೇಲೆ ಒಂದೊಂದು ಮಗ್ಗುಲನ್ನೂ ಒಂದು ನಿಮಿಷಕ್ಕೆ ಮೀರದಂತೆ ಇಡಬೇಕು; ಮೀರಿದರೆ ಒಳಗಿನ ಹದ ಕೆಡುತ್ತದೆ. ಚೀಲದಲ್ಲಿ ಉಳಿದ ಕೆಂಪು ರಸವನ್ನು ಚೆಲ್ಲಬೇಡಿ. ಬೇರೆಯಾಗಿ ಕುದಿಸಿದರೆ ಅದರ ಪ್ರೋಟೀನು ಬೂದು ನೊರೆಯಾಗಿ ಮೇಲೇಳುತ್ತದೆ, ಅದನ್ನು ಸೋಸಿ ತೆಗೆದ ತಿಳಿಯನ್ನು ಹುರಿದ ಮಸಾಲೆಗೆ ನೀರಿನ ಬದಲು ಬಳಸಬಹುದು. ನಮಸ್ಕಾರ.