ಲೋಟದ ಹಿಂದಿನ ಹೊಲ

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನಿಂತು ಬಿಯರ್ ಹಬ್ಬದ ಬಗ್ಗೆ ಮಾತಾಡುತ್ತೇನೆ ಅಂದಾಗ ನಿಮ್ಮಲ್ಲೇ ಒಬ್ಬರು ಹುಬ್ಬೇರಿಸಿದರು. ನನ್ನ ಪ್ರಶ್ನೆ ಇಷ್ಟೇ: ಹಬ್ಬಕ್ಕೆ ಬಂದ ದುಡ್ಡು ಯಾರ ಮನೆ ಸೇರುತ್ತದೆ?

1810ರ ಅಕ್ಟೋಬರ್‌ನಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಬವೇರಿಯಾದ ಯುವರಾಜ ಲುಡ್ವಿಗ್‌ನ ಮದುವೆ ಆಯಿತು. ಊರಾಚೆಯ ಬಯಲಿನಲ್ಲಿ ಕುದುರೆ ಓಟ ನಡೆಸಿದರು. ಮಾರನೇ ವರ್ಷ ಕೃಷಿ ಪ್ರದರ್ಶನ ಸೇರಿಕೊಂಡಿತು. ಬಿಯರ್ ಹಬ್ಬವಾಗಿ ಬೆಳೆದದ್ದು ಆಮೇಲೆ. ಅದೇ ಇವತ್ತಿನ ಅಕ್ಟೋಬರ್‌ಫೆಸ್ಟ್. ಅದಕ್ಕೆ ಸರಿಯಾಗಿ 200 ವರ್ಷ ಮೊದಲು, 1610ರಲ್ಲಿ, ನಮ್ಮ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು ದಸರಾ ಶುರು ಮಾಡಿದ್ದರು. ಅರಮನೆಯ ಸಂಭ್ರಮ ಊರಿನ ಜಾತ್ರೆಯಾದ ಕಥೆ ಎರಡು ಕಡೆಯೂ ಒಂದೇ, ಅಲ್ವಾ?

2023ರಲ್ಲಿ ಅಕ್ಟೋಬರ್‌ಫೆಸ್ಟ್‌ಗೆ ಸುಮಾರು 72 ಲಕ್ಷ ಜನ ಬಂದರು. ಹಬ್ಬದಿಂದ ಊರಿಗೆ 100 ಕೋಟಿ ಯೂರೋಗೂ ಮೀರಿ ವಹಿವಾಟು ಎಂದು ನಗರಾಡಳಿತದ ಅಂದಾಜು. ಅದರಲ್ಲಿ ಮೈದಾನದೊಳಗೆ ಖರ್ಚಾಗುವುದು ಅರ್ಧಕ್ಕಿಂತ ಕಡಿಮೆ. ಉಳಿದದ್ದು ಲಾಡ್ಜು, ಟ್ಯಾಕ್ಸಿ, ಹೋಟೆಲು, ಅಂಗಡಿಗಳಿಗೆ.

ನನಗೆ ಮುಖ್ಯ ಅನಿಸಿದ್ದು ಅಲ್ಲಿನ ಒಂದು ನಿಯಮ. ಅಲ್ಲಿ ಬಿಯರ್ ಕೊಡುವ ಹಕ್ಕು ಮ್ಯೂನಿಕ್‌ನ ಆರು ಕಂಪನಿಗಳಿಗೆ ಮಾತ್ರ. ಬಿಯರ್ ಮ್ಯೂನಿಕ್‌ನಲ್ಲೇ ತಯಾರಾಗಬೇಕು. ಬಿಯರ್‌ಗೆ ಕಹಿ ಮತ್ತು ಘಮ ಕೊಡುವ ಹಾಪ್ಸ್ ಹೂ ಬೆಳೆಯುವ ಹಾಲರ್ಟೌ ಸೀಮೆ ಮ್ಯೂನಿಕ್‌ನ ಉತ್ತರಕ್ಕೇ ಇದೆ. ಹಾಪ್ಸ್ ಬೆಳೆಯುವುದರಲ್ಲಿ ಜಗತ್ತಿನ ದೊಡ್ಡ ಸೀಮೆಗಳಲ್ಲಿ ಅದೂ ಒಂದು. ಅಂದರೆ ಲೋಟದ ಹಿಂದಿನ ಹೊಲ ಪಕ್ಕದಲ್ಲೇ ಇದೆ.

ಆ ಬಿಯರ್ ಹಬ್ಬವನ್ನೇ ಇಲ್ಲಿ ನಕಲು ಮಾಡಿದರೆ? ನಂಜನಗೂಡಿನಲ್ಲಿ ಬಿಯರ್ ಕಾರ್ಖಾನೆಯೇನೋ ಇದೆ. ಆದರೆ ಬಿಯರ್‌ಗೆ ಬೇಕಾದ ಬಾರ್ಲಿ ನಮ್ಮ ದೇಶದಲ್ಲಿ ಬೆಳೆಯುವುದು ಹೆಚ್ಚಾಗಿ ರಾಜಸ್ಥಾನ, ಉತ್ತರ ಪ್ರದೇಶದ ಕಡೆ. ಅಬಕಾರಿ ಸುಂಕ ಸರ್ಕಾರದ ಖಜಾನೆಗೆ. ನಮ್ಮೂರ ರೈತನಿಗೆ ಏನು ಬಂತು? ಇನ್ನೊಂದು ಮಾತು. ಮಂಡ್ಯದವರೇ ಮಂಡ್ಯದ ಮೇಳದಲ್ಲಿ ಖರ್ಚು ಮಾಡಿದರೆ ಅದು ಹೊಸ ದುಡ್ಡಲ್ಲ, ಈ ಜೇಬಿನಿಂದ ಆ ಜೇಬಿಗೆ ಹೋದದ್ದು. ಹೊರಗಿನವರು ಬಂದು, ಒಂದು ರಾತ್ರಿ ಉಳಿದರೇ ಲಾಭ. ಕುಡಿತದಿಂದ ಕೆಟ್ಟ ಮನೆಗಳನ್ನು ನಾನು ಇಲ್ಲೇ ಕಂಡಿದ್ದೇನೆ. ಆ ನಷ್ಟವನ್ನು ಯಾವ ಮೇಳದ ಲೆಕ್ಕದಲ್ಲೂ ಬರೆಯುವುದಿಲ್ಲ. ಅದು ನನಗೆ ತುಂಬಾ ನೋವಿನ ವಿಷಯ.

ಹೋದ ವರ್ಷ ದಸರಾ ಹೊತ್ತಿಗೆ ಮೈಸೂರಿನ ರಸ್ತೆ ಬದಿಯಲ್ಲಿ ಒಬ್ಬ ಅಕ್ಕನ ಹತ್ತಿರ ಚುರುಮುರಿ ತಿಂದೆ. ಕ್ಯಾರೆಟ್ಟು ತುರಿಯುತ್ತಲೇ ಲೆಕ್ಕ ಹೇಳಿದರು. ತರಕಾರಿ ದೇವರಾಜ ಮಾರುಕಟ್ಟೆಯಿಂದ. ಪುರಿ ಅವರ ಬೀದಿಯಲ್ಲೇ ಹುರಿಯುವವರಿಂದ. ಮೂಟೆ ತರುವ ಆಟೋ ಪಕ್ಕದ ಮನೆಯವರದು. ನಾನು ಕೊಟ್ಟ ನೋಟು ರಾತ್ರಿಯೊಳಗೆ ಮೂರು ಕೈ ದಾಟುತ್ತದೆ, ಮೂರೂ ಕೈ ಮೈಸೂರಿನವೇ. ಆದರೆ ಅದಕ್ಕೂ ಮೊದಲು ಇವರು ಬೇರೊಂದು ಮೇಳದಲ್ಲಿ ಮಳಿಗೆ ಕೇಳಿದ್ದರಂತೆ. ಹರಾಜು ಹಿಡಿದ ಹೊರಗಿನ ಗುತ್ತಿಗೆದಾರ ಹೇಳಿದ ಒಳಬಾಡಿಗೆ ಕೇಳಿ ಸುಮ್ಮನೆ ವಾಪಸ್ ಬಂದರು. "ಅಷ್ಟು ಬಾಡಿಗೆ ಕೊಟ್ಟು ಇನ್ನೇನು ಉಳೀತದೆ ಸಾರ್?" ಎಂದರು.

ನಮ್ಮಲ್ಲಿ ಬೆಲ್ಲವಿದೆ. ಆಲೆಮನೆಯ ಕೊಪ್ಪರಿಗೆಯಿಂದ ಪಾಕ ಎತ್ತಿ ಅಚ್ಚಿಗೆ ಸುರಿಯುವಾಗ ಏಳುವ ಆ ಘಮಕ್ಕೆ ಬೆಂಗಳೂರಿನವರು ಕಾರು ನಿಲ್ಲಿಸುತ್ತಾರೆ. ಕಬ್ಬಿನ ಹಾಲು, ಬಿಸಿ ಬೆಲ್ಲ, ರಾಗಿ ರೊಟ್ಟಿ, ಹೊಲದ ಪಕ್ಕದಲ್ಲೇ ಒಂದು ರಾತ್ರಿ ತಂಗುವ ಜಾಗ. ಇದರ ಹಿಂದಿನ ಹೊಲ ಮದ್ದೂರು, ಪಾಂಡವಪುರದಲ್ಲಿದೆ. ಇಂಥ ಹಬ್ಬ ಮಾಡುವುದಾದರೆ ಮ್ಯೂನಿಕ್‌ನವರ ಹಾಗೆ ಮೊದಲು ನಿಯಮ ಬರೆಯೋಣ: ಬೆಲ್ಲ ಜಿಲ್ಲೆಯ ಆಲೆಮನೆಯದೇ ಆಗಿರಬೇಕು, ಮಳಿಗೆ ನೇರವಾಗಿ ಮಾರುವವರ ಹೆಸರಿಗೇ ಆಗಬೇಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. ಈ ಸಲ ಶ್ರೀರಂಗಪಟ್ಟಣದ ದಸರಾಕ್ಕೆ ಹೋದಾಗ ಒಂದು ನೋಟ್‌ಬುಕ್ ಹಿಡಿದುಕೊಳ್ಳಿ. ಹತ್ತು ಅಂಗಡಿಯವರನ್ನು ಮಾತಾಡಿಸಿ. ಸರಕು ಎಲ್ಲಿಂದ ತಂದಿರಿ, ಬಾಡಿಗೆ ಯಾರಿಗೆ ಕೊಟ್ಟಿರಿ ಎಂದು ಕೇಳಿ ಬರೆದುಕೊಂಡು ಬನ್ನಿ. ಮುಂದಿನ ತಿಂಗಳು ಇಲ್ಲೇ ಕೂತು ಒಟ್ಟಿಗೆ ಲೆಕ್ಕ ಹಾಕೋಣ.