ಕಸ್ಟಡಿ ಅಂದ್ರ ಯಾರ ಕೈಯಾಗ?

[ಪರದೆ: ಠಾಣೆಯ ಕಾಂಪೌಂಡ್, ಧೂಳು ಕುಂತ ಬೈಕುಗಳು]

ನಮಸ್ಕಾರ್ರಿ. "ಹುಡುಗನ್ನ 14 ದಿನ ಕಸ್ಟಡಿಗೆ ಕೊಟ್ಟಾರಂತ" ಅಂತ ಸುದ್ದಿ ಬಂದ ಕೂಡ್ಲೇ ಮನ್ಯಾಗ ಶಿಕ್ಷಾನ ಆತು ಅಂತ ತಿಳೀತಾರ. ಶಿಕ್ಷೆ ಅಲ್ರಿ ಅದು. ತನಿಖೆ ಇನ್ನೂ ನಡದೈತಿ ಅಂತ ಅರ್ಥ. ನೀವು ಮೊದಲ ಕೇಳಬೇಕಾದ್ದು ಒಂದ: ಯಾರ ಕಸ್ಟಡಿ?

ಪೊಲೀಸ್ ಕಸ್ಟಡಿ ಅಂದ್ರ ಮನುಷ್ಯಾ ಠಾಣೆ ಲಾಕಪ್‌ನ್ಯಾಗ, ವಿಚಾರಣೆ ಪೊಲೀಸರ ಕೈಯಾಗ. ನ್ಯಾಯಾಂಗ ಬಂಧನ ಅಂದ್ರ ಜೈಲು. ಧಾರವಾಡ ಕೇಂದ್ರ ಕಾರಾಗೃಹಕ್ಕ ಕಳಿಸಿದ ಮ್ಯಾಲೆ ಕೋರ್ಟಿನ ಅಪ್ಪಣೆ ಇಲ್ದ ತನಿಖಾಧಿಕಾರಿ ಅಲ್ಲಿ ಹೋಗಿ ವಿಚಾರಣೆ ಮಾಡಂಗಿಲ್ಲ.

[ಪರದೆ: ಗಡಿಯಾರ, 24 ತಾಸು]

ಬಂಧಿಸಿದ 24 ತಾಸಿನೊಳಗ ಮ್ಯಾಜಿಸ್ಟ್ರೇಟರ ಮುಂದ ನಿಲ್ಲಿಸಬೇಕು. ಸಂವಿಧಾನದ 22ನೇ ವಿಧಿ ಇದನ್ನ ಹೇಳತೈತಿ. ದಾರಿಯ ಪ್ರಯಾಣದ ಹೊತ್ತು ಮಾತ್ರ ಲೆಕ್ಕಕ್ಕಿಲ್ಲ. ಭಾನುವಾರ ಅನ್ನೋ ನೆಪ ನಡಿಯಂಗಿಲ್ಲ, ರಜಾ ದಿನ ಮ್ಯಾಜಿಸ್ಟ್ರೇಟರ ಮನಿಗೇ ಕರಕೊಂಡು ಹೋಗ್ತಾರ. ಹಂಗಾಗಿ ಎಷ್ಟು ಗಂಟೆಗೆ, ಎಲ್ಲಿಂದ ಕರಕೊಂಡು ಹೋದ್ರು ಅನ್ನೋದನ್ನ ಮನಿಯವರು ಅವಾಗ ಬರದಿಟ್ಕೋಬೇಕು. ಬಂಧನದ ಮೆಮೊದಾಗ, ಅಂದ್ರ ಬಂಧಿಸಿದಾಗ ಪೊಲೀಸರು ಬರಿಯೋ ಕಾಗದದಾಗ, ಬ್ಯಾರೆ ಟೈಮ್ ಬಿದ್ದಿದ್ರ ನಿಮ್ಮ ವಕೀಲರಿಗೆ ಈ ಚೀಟಿನ ಆಧಾರ. ಮೈಮ್ಯಾಲೆ ಗಾಯ ಇದ್ರ ಮ್ಯಾಜಿಸ್ಟ್ರೇಟರ ಮುಂದ ನಿಂತಾಗ ಬಾಯಿಬಿಟ್ಟು ಹೇಳ್ರಿ. ಆಮ್ಯಾಲೆ ಹೇಳಿದ್ರ ನಂಬಿಸೋದು ಭಾಳ ಕಷ್ಟ.

ಪೊಲೀಸ್ ಕಸ್ಟಡಿ ಒಟ್ಟು 15 ದಿನ ಮೀರಂಗಿಲ್ಲ. ಮೊದಲ ಅದು ಆರಂಭದ 15 ದಿನದೊಳಗ ಮುಗೀಬೇಕಿತ್ತು. 2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ (ಕ್ರಿಮಿನಲ್ ಕೇಸು ನಡಸೋ ವಿಧಾನದ ಕಾಯ್ದೆ) ಬದಲು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮಿನ ಪ್ರಕಾರ ಆ 15 ದಿನಾನ ತುಂಡು ತುಂಡಾಗಿ, ಅಪರಾಧ ನೋಡಿ ಮೊದಲ 40 ಇಲ್ಲಾ 60 ದಿನದೊಳಗ ತಗೋಬಹುದು. ಅದಕ್ಕ ಜೈಲಿಗೆ ಹೋದವನ್ನ ಮತ್ತ ಠಾಣೆಗೆ ತಂದ್ರ ಗಾಬರಿ ಆಗಬ್ಯಾಡ್ರಿ, ಕೋರ್ಟಿನ ಆದೇಶ ಐತೋ ಇಲ್ಲೋ ಅಷ್ಟು ನೋಡ್ರಿ.

60 ದಿನದಾಗ, ಮರಣದಂಡನೆ, ಜೀವಾವಧಿ ಇಲ್ಲಾ 10 ವರ್ಷ ಮತ್ತ ಹೆಚ್ಚಿನ ಶಿಕ್ಷೆಯ ಕೇಸಿನ್ಯಾಗ 90 ದಿನದಾಗ ಆರೋಪಪಟ್ಟಿ ಬರಲಿಲ್ಲಂದ್ರ ಜಾಮೀನು ಹಕ್ಕಾಗತೈತಿ. ಆದ್ರ ತಾನಾಗೇ ಬರಂಗಿಲ್ಲ, ಅರ್ಜಿ ಹಾಕಬೇಕು. ನಾಳೆ ಹಾಕೋಣು ಅನ್ನೋದ್ರಾಗ ಆರೋಪಪಟ್ಟಿ ಬಿತ್ತಂದ್ರ ಆ ಹಕ್ಕು ಹೋತು. ಮೊದಲ ರಿಮ್ಯಾಂಡಿನ ದಿನಾನೂ, ಅಂದ್ರ ಮ್ಯಾಜಿಸ್ಟ್ರೇಟರು ಮೊದಲ ಸಲ ಕಸ್ಟಡಿಗೆ ಕೊಟ್ಟ ದಿನಾನೂ, ಎಣಸ್ರಿ.

[ಪರದೆ: ಬೈಕಿನ ಚಾಸಿ ನಂಬರ್, ಹತ್ತಿರದಿಂದ]

ಇನ್ನ ಗಾಡಿ. ಜಪ್ತಿ ಆದ ಬೈಕಿಗೆ ಮುದ್ದೆಮಾಲು ಅಂತಾರ, ವಾಪಸ್ ಪಡೆಯೋದಕ್ಕ ಸುಪರ್ದಿ. ಠಾಣೆಗೆ ಅಲೆದಾಡಬ್ಯಾಡ್ರಿ, ಅರ್ಜಿ ಹೋಗಬೇಕಾದ್ದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ. ಆರ್‌ಸಿ, ಇನ್ಶೂರೆನ್ಸ್, ಗುರುತಿನ ಚೀಟಿ ಬೇಕು. ಕೋರ್ಟು ಬಾಂಡು, ಜಾಮೀನುದಾರನ್ನ ಕೇಳತೈತಿ. ಮಾರಬಾರದು, ಬಣ್ಣ ಬದಲಿಸಬಾರದು, ಕರೆದಾಗ ಹಾಜರುಪಡಿಸಬೇಕು ಅಂತ ಷರತ್ತು ಹಾಕತೈತಿ. ಗಾಡಿಗಳನ್ನ ಠಾಣೆಯಾಗ ವರ್ಷಾನಗಟ್ಟಲೆ ಕೊಳಿಸಬಾರದು ಅಂತ ಸುಪ್ರೀಂ ಕೋರ್ಟ್ 2002ರಾಗನ ಹೇಳೈತಿ.

ಅರ್ಜಿ ಎಡವೋದು ಎರಡು ಕಡೆ. ಹಳೇ ಗಾಡಿ ತಗೊಂಡು ಆರ್‌ಸಿ ಹೆಸರು ಬದಲಿಸದೇ ಇರೋದು ಒಂದು. ಇನ್ನೊಂದು ಪಂಚನಾಮೆಯೊಳಗಿನ, ಅಂದ್ರ ಸಾಕ್ಷಿದಾರರ ಮುಂದ ಬರಿಯೋ ಜಪ್ತಿ ಕಾಗದದೊಳಗಿನ, ಚಾಸಿ ನಂಬರು. ಒಂದು ಅಂಕಿ ತಪ್ಪಿದ್ರ ಆರ್‌ಸಿಗೆ ಹೊಂದಂಗಿಲ್ಲ, ತಾರೀಖಿನ ಮ್ಯಾಲೆ ತಾರೀಖು ಬೀಳತಾವ. ಬೆರಳಿಟ್ಟು ಒಂದೊಂದ ಅಂಕಿ ಓದಿ ನೋಡ್ರಿ.

[ಪರದೆ: ಶಾಲೆಯ ಗೇಟು]

ಮಗುವಿನ ಕಸ್ಟಡಿ ಬ್ಯಾರೇನ ಮಾತು. ಮಗು ಯಾರ ಹತ್ರ ಇರಬೇಕು ಅನ್ನೋದು ಕಸ್ಟಡಿ. ಅದರ ಪರವಾಗಿ ನಿರ್ಧಾರ ಮಾಡೋ ಹಕ್ಕು ಪಾಲಕತ್ವ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯ್ದೆ ಪ್ರಕಾರ 5 ವರ್ಷ ತುಂಬದ ಕೂಸು ಸಾಮಾನ್ಯವಾಗಿ ತಾಯಿ ಹತ್ರ. ಆದ್ರ ಕೋರ್ಟಿಗೆ ಎಲ್ಲಕ್ಕಿಂತ ದೊಡ್ಡದು ಮಗುವಿನ ಹಿತ. ತಂದಿ ಹುಬ್ಬಳ್ಳ್ಯಾಗ, ಮಗು ರಾಣೇಬೆನ್ನೂರಾಗ ಸಾಲಿ ಕಲೀತಿದ್ರ ಅರ್ಜಿ ಹಾವೇರಿ ಜಿಲ್ಲೆಯೊಳಗ ಹಾಕಬೇಕು, ಮಗು ಇರೋ ಜಾಗಾನ ಮುಖ್ಯ.

ಮಗು ಹತ್ರ ಇಲ್ಲದ ತಂದಿ ಇಲ್ಲಾ ತಾಯಿ ಅದನ್ನ ನೋಡಾಕ ಕೋರ್ಟು ಕೊಡೋ ಭೇಟಿ ಆದೇಶದಾಗ "ವಾರಕ್ಕೊಮ್ಮೆ" ಅಂತಷ್ಟ ಇದ್ರ ಪ್ರತಿ ವಾರ ಜಗಳ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟರ ತನಕ, ಎಲ್ಲಿಂದ ಕರಕೊಂಡು ಹೋಗಿ ಎಲ್ಲಿ ತಂದು ಬಿಡಬೇಕು, ದಸರಾ-ಬ್ಯಾಸಿಗಿ ಸೂಟಿಗೆ ಏನು ಅನ್ನೋದನ್ನೆಲ್ಲಾ ಬರೆಸಿಕೊಳ್ರಿ.